ಇಬ್ಬರ ಅಡುಗೆ

ಶಿವಮೂರ್ತಿ ಸತ್ತು ಮೂರು ವಾರವಾದ ಮೇಲೆ ಕೋಳಿಮರಿಗಳು ಬಂದವು. ಬದುಕಿದ್ದಾಗ ಅವನೇ ತಿ. ನರಸೀಪುರದ ಫೀಡ್ ಅಂಗಡಿಯಲ್ಲಿ ಹೇಳಿಟ್ಟಿದ್ದ. ಅಂಗಡಿಯ ನಂಜುಂಡೇಶನಿಗೆ ಸುದ್ದಿ ಗೊತ್ತಿರಲಿಲ್ಲ. ಮರಿಗಳ ರಟ್ಟಿನ ಪೆಟ್ಟಿಗೆಯನ್ನು ಆಟೋದಲ್ಲಿಟ್ಟುಕೊಂಡು ಹೆಮ್ಮಿಗೆಯ ಮನೆಗೆ ಬಂದವನು ಬಾಗಿಲಲ್ಲೇ ವಿಷಯ ತಿಳಿದು ಪೆಚ್ಚಾದ.

"ವಾಪಸ್ ತಗಂಡೋಯ್ತೀನಿ ಬುಡಕ್ಕ," ಎಂದ.

"ಇರ್ಲಿ. ಅವ್ರು ಏಳಿದ್ದು," ಎಂದಳು ಚಿಕ್ಕಬಸಮ್ಮ. ಅವನು ಮರಿಗಳನ್ನೂ, ಅವಕ್ಕೆಂದೇ ಮಾಡಿದ ಸ್ಟಾರ್ಟರ್ ಪುಡಿಯ ಚೀಲವನ್ನೂ ಜಗಲಿಯ ಮೇಲೆ ಇಳಿಸಿ ಹೋದ.

ಚಿಕ್ಕಬಸಮ್ಮ ಗಂಡನಿಗಾಗಿ ಅತ್ತಿರಲಿಲ್ಲ. ಬೆಳಗ್ಗೆ ತಾಂಡ್ಯದ ಕಾರ್ಖಾನೆಗೆ ಹೋಗುವ ಕಂಪನಿ ಬಸ್ಸಿಗೆ ಕಾಯುತ್ತಾ ನಿಂತಿದ್ದವನು ಅಲ್ಲೇ ಕುಸಿದ. ಮನೆಗೆ ಬಂದದ್ದು ಹೆಣ. ಅವತ್ತೂ ಅಳಲಿಲ್ಲ, ಮಣ್ಣು ಮಾಡಿದ ದಿನವೂ ಅಳಲಿಲ್ಲ. "ಕಲ್ಲಾಗ್ಬುಟ್ಟವಳೆ," ಎಂದು ಬೀದಿಯ ಹೆಂಗಸರು ಆಡಿಕೊಂಡರು. ಅತ್ತಿದ್ದರೆ ಅತ್ತಿದ್ದು ಸಾಲದು ಎನ್ನುತ್ತಿದ್ದರು, ಆ ಮಾತು ಬೇರೆ. ಅವಳಿಗೇ ಇದು ಅರ್ಥವಾಗಿರಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದ ದವಡೆಯ ಹಾಗೆ ಮೈಯೆಲ್ಲ ಜೋಮು ಹಿಡಿದಿತ್ತು. ನೀರು ಸೇದಿದಳು, ಕಸ ಗುಡಿಸಿದಳು, ಕೇಳಿದವರಿಗೆ ಹೂಂ ಅಂದಳು.

ಎಡೆಯೂ ಇಟ್ಟಿರಲಿಲ್ಲ. ಶಿವಮೂರ್ತಿ ಬೌದ್ಧನಾದ ಮೇಲೆ ಅಂಥದ್ದನ್ನೆಲ್ಲ ಬಿಟ್ಟಿದ್ದ. "ನಾನ್ ಸತ್ರೆ ಎಡೆ ಗಿಡೆ ಇಕ್ಬೇಡಿ, ಇರೋವಾಗ ಉಂಡಿದ್ದೇ ಊಟ," ಎಂದು ನಗುತ್ತಾ ಹೇಳುತ್ತಿದ್ದ. ಉಳಿದ ಮನೆಗಳಲ್ಲಿ ಹನ್ನೊಂದನೇ ದಿನ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಬೇಯಿಸಿ, ಬಾಳೆಲೆಗೆ ಬಡಿಸಿ, ದೀಪ ಹಚ್ಚಿ, ಕದ ಮುಂದೆ ಮಾಡಿ ಹೊರಗೆ ಕೂರುತ್ತಾರೆ. ಇವಳ ಮನೆಯಲ್ಲಿ ಬುದ್ಧವಂದನೆ ಮಾಡಿ, ಬಂದವರಿಗೆ ಪಾಯಸ ಕೊಟ್ಟು ಮುಗಿಸಿದರು. ಅವನ ಮಾತಿಗೆ ಇವಳು ಎದುರಾಡಲಿಲ್ಲ.

ಆದರೆ ಕೈ ಮಾತ್ರ ಯಾರ ಮಾತೂ ಕೇಳಲಿಲ್ಲ. ಮುದ್ದೆಗೆ ಹಿಟ್ಟು ಹಾಕುವಾಗ ಇಬ್ಬರಿಗೆ ಆಗುವಷ್ಟೇ ಹಾಕುತ್ತಿತ್ತು. ತಾನು ಉಂಡ ಮೇಲೆ ಒಂದು ಮುದ್ದೆ, ಒಂದು ಹಿಡಿ ಅನ್ನ, ಸಾರು ಉಳಿಯುತ್ತಿತ್ತು. ಮರಿಗಳು ಬಂದ ದಿನ ಅದನ್ನು ತಟ್ಟೆಗೆ ಬಡಿಸಿ, ಸಾರಿನಲ್ಲಿ ಕಲಸಿ, ಹಿತ್ತಲಿಗೆ ಒಯ್ದು ಹಾಕಿದಳು. ಮರಿಗಳು ಮುಗಿಬಿದ್ದು ತಿಂದವು. ತಟ್ಟೆ ಖಾಲಿಯಾದದ್ದನ್ನು ನೋಡಿ ಅವಳಿಗೆ ಏನೋ ಒಂದು ಕೆಲಸ ಮುಗಿದ ಹಾಗಾಯಿತು. ಮಾರನೆಯ ದಿನದಿಂದ ಉಳಿದದ್ದನ್ನು ಹಾಕಿದಳು ಅನ್ನುವ ಹಾಗಿಲ್ಲ, ಉಳಿಯಲೆಂದೇ ಬೇಯಿಸಿದಳು.

ಮಗಳು ಪವಿತ್ರ ನರಸೀಪುರದ ಗಂಡನ ಮನೆಯಿಂದ ಭಾನುವಾರ ಬಂದಳು. ಹಿತ್ತಲು ನೋಡಿದವಳೇ ಸೊಂಟಕ್ಕೆ ಕೈ ಇಟ್ಟಳು. ಅಗಲ ತಟ್ಟೆಗೆ ಸುರಿದಿದ್ದ ಸ್ಟಾರ್ಟರ್ ಅರ್ಧಕ್ಕರ್ಧ ಮಣ್ಣುಪಾಲಾಗಿತ್ತು. ಮರಿಗಳು ತಟ್ಟೆಯೊಳಗೇ ನಿಂತು, ಕಾಲಲ್ಲಿ ಕೆದರಿ, ಅದರ ಮೇಲೆ ಹಿಕ್ಕೆ ಹಾಕುತ್ತಿದ್ದವು.

ಪವಿತ್ರ ಅವತ್ತೇ ನಂಜುಂಡೇಶನ ಅಂಗಡಿಯಿಂದ ಮೇವು ತುಂಬುವ ಪ್ಲಾಸ್ಟಿಕ್ ಫೀಡರ್ ತರಿಸಿದಳು. ಅದರ ಅಂಚು ಮರಿಗಳ ಬೆನ್ನಿನ ಎತ್ತರಕ್ಕೆ ಬರುವ ಹಾಗೆ ಇಟ್ಟಿಗೆಯ ಮೇಲೆ ಇಟ್ಟಳು. "ಮರಿ ಬೆಳ್ದಂಗೆಲ್ಲ ಇದ್ನೂ ಎತ್ತರುಸ್ಬೇಕು. ಕೆಳಗಿನ ತಟ್ಟೇಲಿ ಕಾಲುಭಾಗ ಪುಡಿ ಇದ್ರೆ ಸಾಕು, ತುಂಬ ಬುಟ್ರೆ ಕೊಕ್ಕಲ್ಲಿ ಎಳ್ದು ಚೆಲ್ತವೆ," ಎಂದಳು. ಚಿಕ್ಕಬಸಮ್ಮ ಹೂಂ ಎಂದಳು.

ಮುಂದಿನ ಭಾನುವಾರ ಬಂದು ನೋಡಿದರೆ ಫೀಡರಿನಲ್ಲಿ ಪುಡಿ ಹಾಕಿದ್ದು ಹಾಕಿದ ಹಾಗೇ ಇತ್ತು, ಮುಗ್ಗಲು ವಾಸನೆ ಬೇರೆ. ಎರಡು ಮರಿ ಸತ್ತಿದ್ದವು. ಇನ್ನೊಂದು ಕಾಲು ಎಳೆಯುತ್ತಿತ್ತು. ಪವಿತ್ರ ಅದನ್ನು ಎತ್ತಿಕೊಂಡು ಕತ್ತಿನ ಕೆಳಗೆ ಮುಟ್ಟಿದಳು. ತಿಂದದ್ದು ಮೊದಲು ಸೇರುವ ಅಲ್ಲಿನ ಮೇವಿನ ಚೀಲ ಬಿಗಿದುಕೊಂಡಿತ್ತು. ನಂಜುಂಡೇಶನಿಗೆ ಫೋನ್ ಮಾಡಿ, ಅವ್ವನಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದಳು.

"ಅನ್ನ ಮುದ್ದೆ ಏನಾರ ಆಕ್ತಾವ್ರೇನವ್ವ ಅಮ್ಮೋರು?" ಎಂದ ಅವನು. "ಅದ್ರಲ್ಲಿ ಒಟ್ಟೆ ತುಂಬ್ತದೆ, ಕಾಲ್ಗೆ ಬಲ ಬರಾಕಿಲ್ಲ. ಸ್ಟಾರ್ಟರ್ ಮುಟ್ಟಾಕೂ ಇಲ್ಲ. ಇಂಗೇ ಆದ್ರೆ ಒಂದೂ ಉಳ್ಯಾಕಿಲ್ಲ, ಈಗ್ಲೇ ಏಳ್ಬುಟ್ಟಿದ್ದೀನಿ."

ಶಿವಮೂರ್ತಿ ಬೇಕೆಂದು ಹೇಳಿ ತರಿಸಿದ್ದು ಅಂತ ಮನೆಯಲ್ಲಿ ಉಳಿದದ್ದು ಈ ಮರಿಗಳಷ್ಟೇ. ಅವೂ ತನ್ನ ಕೈಯಿಂದಲೇ ಸಾಯುತ್ತಿವೆ ಎಂದು ಚಿಕ್ಕಬಸಮ್ಮನಿಗೆ ತಿಳಿಯಿತು. ತಿಳಿದರೂ ಎದೆಯಲ್ಲಿ ಏನೂ ಅಲುಗಲಿಲ್ಲ. ಎದ್ದು ಹೋಗಿ ಒಲೆ ಹಚ್ಚಿದಳು.

ಮಧ್ಯಾಹ್ನ ಇಬ್ಬರೂ ಉಂಡರು. ಪವಿತ್ರ ತೊಳೆಯಲೆಂದು ಪಾತ್ರೆಗೆ ಕೈ ಹಾಕಿದರೆ ಇನ್ನೊಂದು ಮುದ್ದೆ ಕೂತಿತ್ತು.

"ಇದ್ಯಾರ್ಗವ್ವ?"

"ಮಿಕ್ತು."

"ದಿನಾ ಮಿಕ್ಕಂಗೆ ಮಾಡಿಯಾ?"

ಚಿಕ್ಕಬಸಮ್ಮ ಒಲೆಯ ಕೆಂಡ ಕೆದಕಿದಳು. ಪವಿತ್ರ ಮುದ್ದೆಯನ್ನೇ ನೋಡುತ್ತಾ ನಿಂತಳು. ಅದು ಅಪ್ಪನ ಪಾಲು ಎಂದು ಆಗ ಅವಳಿಗೆ ಹೊಳೆಯಿತು.

"ಎಡೆ ಬ್ಯಾಡ ಅಂದಿತ್ತಲ್ಲವ್ವ ಅಪ್ಪ."

"ಎಡೆ ಎಲ್ಲಿಕ್ದೆ ನಾನು? ಕೋಳಿಗ್ ಆಕ್ದೆ."

ಮರಿಗಳ ವಿಚಾರಕ್ಕೆ ಜಗಳ ಆಡಬೇಕೆಂದಿದ್ದ ಪವಿತ್ರಳಿಗೆ ತನ್ನ ಬಗ್ಗೆಯೇ ನಾಚಿಕೆಯಾಯಿತು. ಆ ಮುದ್ದೆಯನ್ನು ಅವಳೇ ತಟ್ಟೆಗೆ ಹಾಕಿಕೊಂಡು, ಹಸಿವಿಲ್ಲದಿದ್ದರೂ ಸಾರು ಸುರಿದುಕೊಂಡು ಪೂರ್ತಿ ತಿಂದಳು. ಚಿಕ್ಕಬಸಮ್ಮ ಎದುರು ಕೂತು ನೋಡಿದಳು.

"ನಾಳಿಕ್ಕೆ ಮಿಕ್ಕಿದ್ ಉಣ್ಣಕ್ ನಾನಿರಾಕಿಲ್ಲ ಕಣವ್ವ," ಎಂದಳು ಮಗಳು, ಸಂಜೆ ಬಸ್ಸಿಗೆ ಹೊರಡುವಾಗ.

ಸೋಮವಾರ ಎಸರು ಕುದಿಯುತ್ತಿತ್ತು. ಹಿಟ್ಟು ತುಂಬಿಕೊಂಡಿದ್ದ ಕೈ ಪಾತ್ರೆಯ ಮೇಲೆ ನಿಂತಿತು. ಚಿಕ್ಕಬಸಮ್ಮ ಬಹಳ ಹೊತ್ತು ಹಾಗೇ ನಿಂತಿದ್ದಳು, ಎಸರು ಉಕ್ಕಿ ಒಲೆಗೆ ಚೆಲ್ಲಿತು. ಆಮೇಲೆ ಅರ್ಧ ಹಿಟ್ಟನ್ನು ಡಬ್ಬಕ್ಕೆ ವಾಪಸ್ ಸುರಿದಳು. ಒಂದೇ ಮುದ್ದೆ ಆಯಿತು. ಅದನ್ನು ಉಂಡಳು. ಪಾತ್ರೆಯಲ್ಲಿ ಏನೂ ಉಳಿಯಲಿಲ್ಲ.

ಮುಗ್ಗಲು ಪುಡಿ ಚೆಲ್ಲಿ, ಫೀಡರ್ ಒರೆಸಿ, ಹೊಸದಾಗಿ ಸ್ವಲ್ಪವೇ ಸ್ಟಾರ್ಟರ್ ತುಂಬಿದಳು. ಮರಿಗಳು ಅದರ ಕಡೆ ತಿರುಗಿಯೂ ನೋಡದೆ ಅವಳ ಕಾಲಬುಡಕ್ಕೆ ಓಡಿಬಂದವು. ಕಾಲು ಎಳೆಯುವ ಮರಿಯೂ ತೆವಳಿಕೊಂಡು ಬಂತು. ಅವಳು ಕುಕ್ಕರುಗಾಲಲ್ಲಿ ಕೂತು ಎರಡೂ ಅಂಗೈ ಬಿಡಿಸಿ ತೋರಿಸಿದಳು.

"ಇಲ್ಲ ಕಣ್ರವ್ವ ಇವತ್ತು," ಎಂದಳು. ಮರಿಗಳು ಹೋಗಲಿಲ್ಲ. "ಅವ್ರಿಗೆ ಮಾಡ್ನಿಲ್ಲ. ಇನ್ಮೇಲ್ ಮಾಡಾಕಿಲ್ಲ. ಅವ್ರು ಉಣ್ಣಕ್ ಬರಾಕಿಲ್ಲ."

ಈ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ, ತನಗೂ ಹೇಳಿಕೊಂಡಿರಲಿಲ್ಲ. ಮರಿಗಳು ಸ್ವಲ್ಪ ಹೊತ್ತು ಅವಳ ಬರಿಗೈ ಕುಕ್ಕಿದವು. ಅಲ್ಲೇನೂ ಸಿಗದೆ ಒಂದೊಂದಾಗಿ ಫೀಡರಿನ ಕಡೆ ಹೋದವು. ಚಿಕ್ಕಬಸಮ್ಮ ಕೈಗಳನ್ನು ಹಾಗೇ ಬಿಡಿಸಿಕೊಂಡು ಕೂತು ಬೀದಿಗೆಲ್ಲ ಕೇಳುವ ಹಾಗೆ ಅತ್ತಳು.