ಹಸಿರಾಗದ ಕಾಳು

ರಾತ್ರಿಯಿಡೀ ಸುರಿದ ಮಳೆ ಬೆಳಗಿಗೆ ಬಿಟ್ಟಿತ್ತು, ಆದರೂ ಗಾಳಿ ಒದ್ದೆ ಬಟ್ಟೆಯ ಹಾಗೆ ಮೈಗಂಟುತ್ತಿತ್ತು, ಇಂಥ ಹವೆಯೇ ಬೇಕು ಬೇರುಕೊಳೆಗೆ, ಮಣ್ಣಿನ ನೀರಲ್ಲಿ ಈಜಿಕೊಂಡೇ ಬರುತ್ತದಂತೆ ಆ ಕಣ್ಣಿಗೆ ಕಾಣದ್ದು — ದೊಡ್ಡವಳು ತಂಗಿಯ ಗೇಟಿನ ಮುಂದೆ ನಿಂತಿದ್ದಾಳೆ, ಚಿಲಕ ತೆಗೆಯಲು ಕೈ ಏಳುತ್ತಿಲ್ಲ. ಕೆಳಗಿನ ತೋಟದಲ್ಲಿ ತನ್ನ ಕಿತ್ತಳೆ ಗಿಡಗಳ ಬುಡದಿಂದ ಅಂಟು ಸೋರುತ್ತಿದೆ, ನಿನ್ನೆ ಉಗುರಿನಿಂದ ತೊಗಟೆ ಕೆರೆದರೆ ಒಳಗೆಲ್ಲ ಕಂದು, ಇನ್ನೊಂದು ಮಳೆಯಾದರೆ ತೋಟ ಕೈಬಿಟ್ಟ ಹಾಗೆಯೇ. ಕೊಳೆಯನ್ನೇ ತಿಂದು ಬದುಕುವ ಹಸಿರು ಬೂಷ್ಟು ಬೇಕು, ಬೇಯಿಸಿದ ಕಾಳಿನ ಮೇಲೆ ಬೆಳೆಸಿ, ಗೊಬ್ಬರಕ್ಕೆ ಬೆರೆಸಿ, ಬುಡಕ್ಕೆ ಕೊಡಬೇಕು, ಇಡೀ ಸೀಮೆಗೆ ಅದನ್ನು ಮಾಡಿ ಹಂಚಿದವಳು ತಾನೇ, ಆದರೆ ಈ ಸಲ ಬಾಟಲಿಗಳಿಗೆಲ್ಲ ಬೇಡದ ಕೇಸರಿ ಬೂಷ್ಟು ನುಗ್ಗಿತು, ಹೆಪ್ಪಿಗೆಂದು ಎತ್ತಿಟ್ಟಿದ್ದ ಬಾಟಲಿಯೂ ಉಳಿಯಲಿಲ್ಲ. ಈಗ ಹಸಿರು ಬೂಷ್ಟು ಜೀವಂತ ಇರುವುದು ಚಿಕ್ಕವಳ ಕೋಣೆಯಲ್ಲೊಂದೇ. ದೇವರೇ, ಕೇಳಿಸಿಬಿಡು, ನನ್ನ ಬಾಯಿಂದ ಕೇಳಿಸಿಬಿಡು.

ಯಾರದು, ಅಕ್ಕನಾ, ಅಲ್ಯಾಕೆ ನಿಂತೆ, ಕಾಲು ಅದ್ದಿ ಬಾ — ಗೇಟಿನೊಳಗೆ ಮೈಲುತುತ್ತದ ನೀಲಿ ನೀರಿನ ತಟ್ಟೆ, ಹೊರಗಿನ ಮಣ್ಣು ತೋಟಕ್ಕೆ ಬರಬಾರದೆಂದು. ದೊಡ್ಡವಳು ಚಪ್ಪಲಿ ಸಮೇತ ಕಾಲು ಅದ್ದಿದಳು, ತಣ್ಣಗಿದೆ, ಅಪ್ಪನ ಪಾದ ತೊಳೆದ ನೀರೂ ಹೀಗೇ ತಣ್ಣಗಿತ್ತು, ಕೊನೆಯ ದಿನ, ತೊಳೆದವಳು ತಾನು, ಅಪ್ಪನ ಕಣ್ಣು ಮಾತ್ರ ಕಿಟಕಿಯಾಚೆ, ಚಿಕ್ಕವಳ ಕೈಲಿ ಗಿಡ ನಗುತ್ತಮ್ಮಾ, ಅದು ಕೈಗುಣ, ಎಂದು ತನಗೇ ಹೇಳಿದರು, ತೊಳೆಯುತ್ತಿದ್ದ ತನಗೇ. ಅದೇ ವರ್ಷ ಮೇಲಿನ ತೋಟಕ್ಕೆ, ತಂಗಿಯ ಪಾಲಿಗೆ, ಕೊಳೆ ಬಿತ್ತು, ಚಿಕ್ಕವಳು ಓಡಿ ಬಂದಳು, ಅಕ್ಕಾ ಒಂದು ಬಾಟಲಿ ಕೊಡು, ಬೆಳೆಸಿ ಬಾಟಲಿಗೆ ಬಾಟಲಿ ವಾಪಸ್ ಕೊಡ್ತೀನಿ. ಅದಕ್ಕೇನೇ, ತಗೊಂಡು ಹೋಗು, ಎಂದು ಒಳಗೆ ಹೋಗಿ, ಕುಕ್ಕರಿನಿಂದ ಆಗಷ್ಟೇ ಇಳಿಸಿದ ಬಾಟಲಿ, ಹತ್ತಿಯ ಬಿರಡೆ ಹಾಕಿದ್ದು, ಹಸಿರು ಬೂಷ್ಟಿನ ಹೆಪ್ಪು ಹಾಕದ್ದು, ಬರೀ ಬೆಂದ ಕಾಳು — ಕೊಟ್ಟಳು, ಸೆರಗಿನಿಂದ ಒರೆಸಿಯೇ ಕೊಟ್ಟಳು, ಕತ್ತಲಲ್ಲಿಡು, ವಾರದಲ್ಲಿ ಹಸಿರಾಗುತ್ತೆ. ಬಿಳಿ ಕಾಳು, ಹಲ್ಲಿನ ಹಾಗೆ. ವಾರ ಬಿಟ್ಟು ಬಂದಳು, ಅಕ್ಕಾ ಹಸಿರಾಗ್ಲಿಲ್ಲ. ಕಾಯಬೇಕು ಕಣೇ. ಮತ್ತೆ ಬಂದಳು, ಕಣ್ಣು ಬಾತಿತ್ತು, ಆಗ ತಾನು ಅಕ್ಕಿ ಆರಿಸುತ್ತ, ತಲೆ ಎತ್ತದೆ, ಏನೋಪ್ಪಾ, ನಿನ್ನ ಕೈಗುಣ ದೊಡ್ಡದು ಅಂತಿದ್ರಲ್ಲ ಅಪ್ಪ — ಎಂಥ ಸಿಹಿ ಆ ಮಾತು ನಾಲಗೆಯ ಮೇಲೆ, ರಾತ್ರಿಯವರೆಗೂ ಚಪ್ಪರಿಸಿದ್ದಳು. ಮೇಲಿನ ಗಿಡಗಳು ಎಲೆ ಉದುರಿಸಿ ನಿಂತದ್ದನ್ನು ಅಂಗಳದಿಂದಲೇ ನೋಡಿದಳು. ಮೇಲಿನ ನೀರು ಕೆಳಕ್ಕೇ ಹರಿಯುತ್ತದೆಂದು, ತನ್ನ ಕಾಲುವೆಗೇ ಬೀಳುತ್ತದೆಂದು, ಹುಟ್ಟಿದಾಗಿನಿಂದ ನೋಡಿದವಳಿಗೆ ಆಗ ಹೊಳೆಯಲೇ ಇಲ್ಲ.

ಕೂತ್ಕೋ ಅಕ್ಕ, ನೀರು ಕುಡೀತೀಯಾ. ಬೇಡ. ತೆರೆದ ಬಾಗಿಲಿನಾಚೆ ಕಪಾಟಿನ ತುಂಬ ಬಾಟಲಿ, ಎಲ್ಲ ಹಸಿರು, ದಟ್ಟ ಹಸಿರು, ದೂರದ ಪ್ರಯೋಗಾಲಯಕ್ಕೆ ಬಸ್ಸು ಹತ್ತಿ ಹೋಗಿ ಕಲಿತು ಬಂದಳಂತೆ, ಹೊಸ ಗಿಡ ನೆಟ್ಟಳಂತೆ. ಒಂದು ಬಾಟಲಿ ಬೇಕಿತ್ತು ಕಣೇ, ಎಂದಳು, ಕೊನೆಗೂ ಎಂದಳು, ತೋಟ ಹೋಗ್ತಿದೆ. ಗೊತ್ತು, ಇಲ್ಲಿಂದ ಕಾಣುತ್ತೆ, ಎಂದಳು ಚಿಕ್ಕವಳು. ಕೊಡಬೇಕಾದ್ದು ಇದೆ ನಂದು, ಮರೆತಿಲ್ಲ. ಎದ್ದು ಹೋದಳು — ಕೊಡುತ್ತಾಳೆ, ಒಡಹುಟ್ಟಿದವಳು, ಎಷ್ಟಾದರೂ ಒಂದೇ ಹೊಟ್ಟೆ, ಇಂದೇ ಗೊಬ್ಬರಕ್ಕೆ ಬೆರೆಸಿ, ನೆರಳಲ್ಲಿ ರಾಶಿ ಹಾಕಿ, ಗೋಣಿ ಹೊದಿಸಿ — ಹೆಜ್ಜೆ ಕಪಾಟಿನ ಮುಂದೆ ನಿಲ್ಲಲಿಲ್ಲ, ದಾಟಿತು, ಹಿಂದಿನ ಕೋಣೆಯಲ್ಲಿ ಏನೋ ಸರಿಸಿದ ಸದ್ದು.

ಬಂದಳು, ಒಂದು ಹಳೆಯ ಬಾಟಲಿಯ ಧೂಳನ್ನು ಸೆರಗಿನಿಂದ ಒರೆಸಿ ಅಕ್ಕನ ಎರಡೂ ಅಂಗೈಗಳ ನಡುವೆ ಇಟ್ಟಳು. ನಿಂದೇ ಅಕ್ಕ. ಬಿರಡೆ ಕೂಡ ಬಿಚ್ಚಿಲ್ಲ. ಹೆಪ್ಪು ಹಾಕಿದ್ದೂ ನನ್ನ ಕೈಗುಣ ಕೆಟ್ಟಿದ್ರೆ ಬೇರೆ ಯಾವ ಬೂಷ್ಟಾದ್ರೂ ಬರಬೇಕಿತ್ತಲ್ಲ. ಮೆಲ್ಲಗೆ ಹೇಳಿದಳು, ಮಗುವಿಗೆ ಹೇಳುವಂತೆ. ಹೊರಗೆ ಹನಿ ಶುರುವಾಯಿತು, ಮೊದಲು ತಗಡಿನ ಮೇಲೆ, ಆಮೇಲೆ ಎಲೆಗಳ ಮೇಲೆ, ಆಮೇಲೆ ಕೆಳಕ್ಕೆ — ಅಂಗೈಯಲ್ಲಿ ಗಾಜು ತಣ್ಣಗೆ, ಗಾಜಿನೊಳಗೆ ಕಾಳು, ಇಷ್ಟು ಕಾಲವಾದರೂ ಬಿಳಿ, ಹಲ್ಲಿನ ಹಾಗೆ ಬಿಳಿ, ಬಿಳಿ ಕಾಳು.