ಹೀರೆ ಚಪ್ಪರದ ಮೋಹಕ ಬಲೆ

ನಾನೊಂದು ಮೋಹಕ ಬಲೆ. ಹೆಸರು ಕೇಳಿ ಏನೇನೋ ಊಹಿಸಿಕೊಳ್ಳಬೇಡಿ. ಪ್ಲಾಸ್ಟಿಕ್ ಡಬ್ಬಿ, ತಲೆಯ ಮೇಲೆ ಹಳದಿ ಮುಚ್ಚಳ, ಪಕ್ಕದಲ್ಲಿ ನೊಣ ನುಗ್ಗುವಷ್ಟು ತೂತು, ಹೊಟ್ಟೆಯೊಳಗೆ ಮದ್ದಿನಲ್ಲಿ ನೆನೆಸಿದ ಮರದ ತುಂಡು, ಇಷ್ಟೇ ನಾನು. ಅಚ್ಚಿನಿಂದ ಬಿಸಿಬಿಸಿಯಾಗಿ ಹೊರಬಿದ್ದಾಗ ನನ್ನನ್ನು ಕೇಳುವವರಿರಲಿಲ್ಲ. ಆ ತುಂಡು ಹೊಟ್ಟೆ ಸೇರಿದ್ದೇ ತಡ, ಗಂಡು ನೊಣಗಳ ಪಾಲಿಗೆ ರಂಭೆಯಾದೆ.

ಶ್ರೀನಿವಾಸಪುರದ ಕಡೆಯ ಬೈಯಣ್ಣನವರ ಮಾವಿನ ತೋಪಿನಲ್ಲಿ ನನ್ನ ಮೊದಲ ನೌಕರಿ. ಪುರಾಣ ಕೇಳಲು ಜನ ಸೇರುವ ಹಾಗೆ ನೊಣಗಳು ಸೇರುತ್ತಿದ್ದವು. ಮಂಗಳಾರತಿಯಾದ ಮೇಲೆ ಮನೆಗೆ ಹೋಗುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಬಾದಾಮಿ ಮಾವಿನ ಕೊಯ್ಲು ಮುಗಿದಿತ್ತು, ನೀಲಂ ಇನ್ನೂ ಮರದಲ್ಲಿತ್ತು. ಬೇಲಿಯಾಚೆ ಹೀರೆಕಾಯಿ ಚಪ್ಪರ ಹಾಕಿದ್ದ ಪಿಳ್ಳಮ್ಮ ಒಂದು ದಿನ ಬಂದು ನನ್ನನ್ನು ಕೇಳಿದಳು. ಹಣ್ಣುನೊಣಕ್ಕೆ ಅಲ್ಲಿಯವರು ಊಜಿ ಎನ್ನುತ್ತಾರೆ.

"ತಗೊಂಡೋಗಮ್ಮ. ಊಜಿ ಅಂದ್ಮೇಲೆ ಊಜಿನೇ. ಮಾವಿಂದೇನು, ಹೀರೇದೇನು?" ಎಂದರು ಬೈಯಣ್ಣ. ಧಾರಾಳ ಮನುಷ್ಯ.

ಚಪ್ಪರ ಪಿಳ್ಳಮ್ಮನ ಹಟ. ಅವಳ ಗಂಡ ಚೌಡಪ್ಪನಿಗೆ ಟೊಮೆಟೊ ಹುಚ್ಚು. ಹೀರೆಯ ಎಳೆಗಾಯಿಗಳು ಸೊಟ್ಟಗಾಗಿ, ಕೊಳೆತು, ಹುಳ ಬಿದ್ದು ಉದುರುವುದನ್ನು ನೋಡಿ ಅವನು ಹೇಳಿಬಿಟ್ಟಿದ್ದ: "ಬರೋ ಅಮಾಸೆಗೂ ಹಿಂಗೇ ಇದ್ರೆ ಚಪ್ಪರ ಕಿತ್ತಾಕ್ತೀನಿ ಕಣ್ಮೇ."

ನಾನು ಮರುದಿನವೇ ತುಂಬತೊಡಗಿದೆ. ಪಿಳ್ಳಮ್ಮ ಸಂಜೆಯಾದರೆ ಸತ್ತ ನೊಣಗಳನ್ನು ಮೊರಕ್ಕೆ ಸುರಿದು ಗಂಡನ ಮುಂದೆ ಹಿಡಿಯುತ್ತಿದ್ದಳು.

"ನೋಡಯ್ಯ, ಕಣ್ಬಿಟ್ಟು ನೋಡು. ಎಷ್ಟು ಹೆಣ!"

"ಹೆಣ ಸರಿ. ಕಾಯಿ ಎಲ್ಲಿ? ಮೊರದಾಗಿರೋದನ್ನೇ ಸಾರು ಮಾಡ್ತೀಯಾ?"

ನನಗೋ ಮೈ ಉರಿಯಿತು. ಇಷ್ಟು ದುಡಿದರೂ ಈ ಮಾತೇ?

ಅಮಾವಾಸ್ಯೆ ಹತ್ತಿರ ಬರುತ್ತಿತ್ತು. ಆಗ ಬಂದವರು ಕೀಟಗಳನ್ನು ಓದಿಕೊಂಡ ನಸೀಮಾ ಮೇಡಂ. ಕೊಳೆತ ಕಾಯಿ ಸೀಳಿ, ಒಳಗಿನ ಬಿಳಿ ಹುಳಗಳನ್ನು ಪುಟ್ಟ ಸೀಸೆಗೆ ಹಾಕಿಕೊಂಡರು. ಇದು ಯಾವ ನೊಣದ ಮರಿ ಎಂದು ಪರೀಕ್ಷಿಸಬೇಕು ಎಂದರು.

"ಮುಖ ನೋಡಿದ್ರೆ ಗೊತ್ತಾಗಲ್ವಾ ಮೇಡಂ?" ಎಂದಳು ಪಿಳ್ಳಮ್ಮ.

"ಈ ವಯಸ್ಸಲ್ಲಿ ಎಲ್ಲಾ ಒಂದೇ ಥರ ಕಣಮ್ಮ. ಡಿಎನ್ಎ ನೋಡಿದ್ರೆ ಯಾವ ಕುಲ ಅಂತ ತಿಳಿಯುತ್ತೆ."

"ಶಿವನೇ! ಹುಳಾನೂ ಕುಲ ಕೇಳಂಗಾಯ್ತಾ?" ಎಂದ ಚೌಡಪ್ಪ.

ನನ್ನನ್ನೂ ಪ್ರಯೋಗಾಲಯಕ್ಕೆ ಒಯ್ದರು. ಅಲ್ಲಿ ಹುಳವನ್ನೂ ನನ್ನ ನೊಣಗಳ ಕಾಲನ್ನೂ ಬೇರೆಬೇರೆ ಅರೆದು, ಬಿಸಿ ಮಾಡಿ, ಆರಿಸಿ, ಮತ್ತೆ ಬಿಸಿ ಮಾಡುವ ಯಂತ್ರಕ್ಕಿಟ್ಟರು. ಡಿಎನ್ಎಯ ಒಂದು ತುಣುಕು ಅಲ್ಲಿ ಲಕ್ಷಾಂತರವಾಗುತ್ತದಂತೆ. ಆಮೇಲೆ ಅದನ್ನು ಓದಬೇಕು. ಜೀವವೆಲ್ಲ ನಾಲ್ಕೇ ಅಕ್ಷರಗಳಲ್ಲಿ ಬರೆದ ಉದ್ದನೆಯ ಪದ್ಯ. ಹುಳದ ಪದ್ಯ ಬೇರೆ ಬಂತು, ನೊಣದ ಪದ್ಯ ಬೇರೆ ಬಂತು.

ಮೇಡಂ ನನ್ನನ್ನು ವಾಪಸು ತಂದು, ಚಪ್ಪರದಡಿ ನಿಂತು ತೀರ್ಪು ಹೇಳಿದರು. "ಕಾಯಲ್ಲಿರೋದು ಹೀರೆ, ಸೌತೆ ತಿನ್ನೋ ನೊಣ. ಬಲೇಲಿರೋದು ಮಾವಿನ ನೊಣ. ಈ ಮದ್ದಿನ ವಾಸನೆಗೆ ನಿಮ್ಮ ನೊಣ ತಿರುಗೂ ನೋಡಲ್ಲ."

ಚೌಡಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಂದ್ರೆ ಇಷ್ಟು ದಿನ ಬೈಯಣ್ಣನ ಊಜೀನ ಕರ್ಕೊಂಡ್ಬಂದು ತಿಥಿ ಮಾಡಿದ್ಯಾ!"

ಬೇಲಿಯಾಚೆಯಿಂದ ಬೈಯಣ್ಣ ಕೂಗಿದರು: "ಅದಕ್ಕೇ ಅನ್ನು, ಈ ಸಲ ನೀಲಂ ಇಷ್ಟು ಚೆನ್ನಾಗೈತೆ!"

"ಹಂಗಾದ್ರೆ ಒಂದು ಮಂಕರಿ ಹಣ್ಣು ಕಳ್ಸಣ್ಣ, ನನ್ನ ಬಲೆ ಕೂಲಿ!" ಎಂದಳು ಪಿಳ್ಳಮ್ಮ. ಬಾಯಿ ಜೋರು ಮಾಡುತ್ತಲೇ ಹಳೆಯ ವಾಸನೆ ಹೋಗುವಂತೆ ನನ್ನನ್ನು ಉಜ್ಜಿ ತೊಳೆದಳು.

ಹೊಟ್ಟೆಗೆ ಮೇಡಂ ಕೊಟ್ಟ ಹೊಸ ತುಂಡು ಬಂತು, ಹೀರೆಯ ನೊಣ ಮರುಳಾಗುವ ಮದ್ದಿನದು. ಉದುರಿದ ಕಾಯಿಗಳನ್ನು ಅವಳು ಆಳವಾಗಿ ಹೂತಳು. ಈ ಬಾರಿ ಬಂದ ನೊಣಗಳು ಕಡಿಮೆ. ಮೊರಕ್ಕೆ ಸುರಿದರೆ ತಳವೂ ಮುಚ್ಚುತ್ತಿರಲಿಲ್ಲ. ಅಮಾವಾಸ್ಯೆಯ ಬೆಳಿಗ್ಗೆ ಚೌಡಪ್ಪ ಕುಡುಗೋಲು ಹಿಡಿದೇ ಬಂದ. ಚಪ್ಪರದ ಕೆಳಗೆ ತಲೆಯೆತ್ತಿ ಕಾಯಿಗಳನ್ನು ಒಂದೊಂದಾಗಿ ನೋಡಿದ. ನೆಟ್ಟಗೆ ಇಳಿಬಿದ್ದಿದ್ದ ನಾಲ್ಕು ಕಾಯಿ ಕೊಯ್ದು, ಹೆಂಡತಿಯ ಮುಖ ನೋಡದೆ, "ಬಜ್ಜಿ ಮಾಡ್ಮೇ" ಎಂದ.

ಈಗ ಬಿಸಿಲಿಗೆ ನನ್ನ ಮೈ ಬಿರಿದಿದೆ. ದನದ ಕೊಟ್ಟಿಗೆಯ ಗೂಡಿನಲ್ಲಿ ಕುಳಿತಿದ್ದೇನೆ. ಕೆಲವೊಮ್ಮೆ ಯೋಚಿಸುತ್ತೇನೆ: ತುಂಬಿದ ಸಭೆ ನೋಡಿ ಎಷ್ಟು ಬೀಗಿದ್ದೆ! ಸ್ವಾಮಿ, ಇನ್ನೊಂದು ಜನ್ಮವಿದ್ದರೆ ಬಲೆಯಾಗಿಯೇ ಹುಟ್ಟಿಸು. ಆದರೆ ಮೊದಲು ಹುಳವನ್ನು ವಿಚಾರಿಸಿ, ಆಮೇಲೆ ನನಗೆ ಮದ್ದು ಹಾಕುವವರ ಕೈಗೇ ಕೊಡು.