ಹುಲಿಗೆಮ್ಮನ ಹೆಸರಿನ ಕೊಸರು

ಬೆಳಿಗ್ಗೆ ಆರೂವರೆ. ಹೂವಿನಹಡಗಲಿ ಬಸ್ ನಿಲ್ದಾಣದಲ್ಲಿ ಇಳಿದ ಎರ್ರೆಮ್ಮ, ಹೂವಿನ ಬುಟ್ಟಿಯ ಪಕ್ಕದ ದೇಣಿಗೆ ಡಬ್ಬಿಯ ಮೇಲೆ ತನ್ನ ಮಗಳ ಫೋಟೊ ನೋಡಿದಳು. ಮಗಳು ಹುಲಿಗೆಮ್ಮ ತೀರಿಕೊಂಡು ಮೂರು ತಿಂಗಳಾಗಿತ್ತು.

ಅದು 1998. ಮಗುವಿನ ಹೃದಯದಲ್ಲಿ ರಂಧ್ರವಿತ್ತು. ಆಪರೇಷನ್ನಿಗೆಂದು ಹಡಗಲಿಯ ಸೇವಾ ಸಂಘವೊಂದು ಈ ಡಬ್ಬಿ ಇಟ್ಟಿತ್ತು. ಮೊಳ ಹಾಕಿ ಮಲ್ಲಿಗೆ ಅಳೆದ ಮೇಲೆ ಗೇಣುದ್ದ ಹೆಚ್ಚಿನ ಮಾಲೆಯನ್ನು ಕೊಸರೆಂದು ಕೊಡುವುದು ಇಲ್ಲಿನ ವಾಡಿಕೆ. ಗಿರಾಕಿಗಳು ಆ ಕೊಸರನ್ನು ಮಗುವಿಗಾಗಿ ಬಿಟ್ಟುಕೊಡುತ್ತಿದ್ದರು. ಅದರ ಬೆಲೆಯನ್ನು ಹೂ ಮಾರುವವಳು ಡಬ್ಬಿಗೆ ಹಾಕುತ್ತಿದ್ದಳು. ಆಪರೇಷನ್ನಿಗೆ ದಿನ ಗೊತ್ತಾಗುವ ಮುನ್ನವೇ ತಂಬ್ರಹಳ್ಳಿಯ ಮನೆಯಲ್ಲಿ ಮಗು ಹೋಯಿತು.

ಹೂ ಮಾರುವ ಮಾರೆಮ್ಮನಿಗೆ ಎರ್ರೆಮ್ಮನ ಗುರುತಿರಲಿಲ್ಲ.

“ಬಾರವ್ವ, ಎಷ್ಟು ಮೊಳ? ಕೊಸರು ನಿನಗ ಬೇಕೋ, ಈ ಕೂಸಿಗೆ ಬಿಡ್ತೀಯೋ?”

“ಕೂಸು… ಹೆಂಗದಾಳಂತ?”

“ಚಲೋ ಆಗ್ತಾಳ ಬಿಡು! ಬೆಳಗಾದ್ರ ನನ್ನ ಮೊದಲ ಕೊಸರು ಅಕೀದ.”

ಎರ್ರೆಮ್ಮ ಹೂ ಕೊಳ್ಳದೆ ಅಲ್ಲಿಂದ ಸರಿದಳು. ಮಗಳ ಕಾಯಿಲೆಯನ್ನು ಮೊದಲು ಗುರುತಿಸಿದ್ದ ಆರೋಗ್ಯ ಸಹಾಯಕಿ ಗೀತಮ್ಮನ ಮನೆಗೆ ಹೋದಳು. ಇಬ್ಬರೂ ಸಂಘದ ಅಧ್ಯಕ್ಷ ಗುರುಸಂಗಪ್ಪನ ಬಾಗಿಲಲ್ಲಿ ನಿಂತರು. ಡಬ್ಬಿಯ ಮೇಲೆ ಆ ಫೋಟೊ ಇನ್ನೂ ಯಾಕೆಂದು ಗೀತಮ್ಮ ಕೇಳಿದಳು.

“ತಪ್ಪು ತಿಳೀಬ್ಯಾಡವ್ವ,” ಎಂದ ಗುರುಸಂಗಪ್ಪ. “ಕೊಟ್ಟೂರಿನ ಹುಡುಗಂದು ಆಪರೇಷನ್ ಬಾಕಿ ಐತಿ. ನಿನ್ನ ಮಗಳ ಮುಖ ನೋಡಿ ಜನ ಕೊಡ್ತಾರ. ಸತ್ತಾಳ ಅಂದ್ರ ಯಾರು ಕೊಡ್ತಾರ?”

“ಆ ಹುಡುಗನ ಹೆಸರ್ಲೇ ಕೇಳ್ರಿ, ಅವರ ಮನ್ಯಾಗ ಒಪ್ಪಿಗಿ ತಗೊಂಡು,” ಎಂದಳು ಗೀತಮ್ಮ. “ಕೊಟ್ಟವರಿಗೆ ಮುಂದೇನಾತು ಅಂತ ತಿಳಿಸಬೇಕ್ರಿ. ಚಲೋ ಸುದ್ದಿನೂ, ಕೆಟ್ಟ ಸುದ್ದಿನೂ.”

“ಹೇಳಾದು ಸಸಾರ. ಡಬ್ಬಿ ಖಾಲಿ ಬಿದ್ರ ನೀ ತುಂಬ್ತೀಯೇನು?”

ಎರ್ರೆಮ್ಮ ಆಗ ಬಾಯಿಬಿಟ್ಟಳು. “ಯಪ್ಪಾ, ಆ ಹೂವಿನಾಕಿಗೆ ನೀವ ಬಂದು ಹೇಳ್ರಿ. ನನ್ನ ಬಾಯಿಲೆ ಹೇಳಾಕ ಆಗವಲ್ದು.”

ಇಲ್ಲವೆನ್ನಲು ಗುರುಸಂಗಪ್ಪನಿಗೆ ಆಗಲಿಲ್ಲ. ನಿಲ್ದಾಣಕ್ಕೆ ಬಂದು ಬುಟ್ಟಿಯ ಮುಂದೆ ನಿಂತು, ಮಗು ತೀರಿಕೊಂಡು ಮೂರು ತಿಂಗಳಾಯಿತೆಂದು ತಗ್ಗಿದ ದನಿಯಲ್ಲಿ ಹೇಳಿದ. ಮಾರೆಮ್ಮ ಕೈಯಲ್ಲಿದ್ದ ಮಾಲೆಯನ್ನು ಬುಟ್ಟಿಗೆ ಹಾಕಿದಳು.

“ಮೂರು ತಿಂಗಳು ಸತ್ತ ಕೂಸಿನ ಹೆಸರ್ಲೇ ನನ್ನ ಕೂಗಿಸೀರಿ? ನಾ ಬರೇ ರೊಕ್ಕ ಹಾಕೀನಿ ಅಂದ್ಕೊಂಡ್ರೇನು? ಅಕಿ ಹೋದಾಗ ಅಳಾಕ ನನಗೂ ಹೇಳಬೇಕಿತ್ತಿಲ್ಲೋ?”

ಬೆಳಿಗ್ಗೆ ಕೂಸಿನ ಬಗ್ಗೆ ಕೇಳಿದ್ದ ಹೆಂಗಸು ಗುರುಸಂಗಪ್ಪನ ಹಿಂದೆ ನಿಂತಿದ್ದಳು; ಅವಳೇ ತಾಯಿ ಎಂದು ಮಾರೆಮ್ಮನಿಗೆ ಆಗ ತಿಳಿಯಿತು. ಎದ್ದುಬಂದು ಎರ್ರೆಮ್ಮನ ಕೈ ಹಿಡಿದಳು.

ಗುರುಸಂಗಪ್ಪ ತಾನೇ ಅಂಚು ಹರಿಯದಂತೆ ಫೋಟೊ ಬಿಡಿಸಿ ತಾಯಿಗೆ ಕೊಟ್ಟ. ಸಂಜೆ ಡಬ್ಬಿಗೆ ಚೀಟಿ ಅಂಟಿಸಲಾಯಿತು: “ಹುಲಿಗೆಮ್ಮ ಉಳಿಯಲಿಲ್ಲ. ಇದನ್ನು ತಡವಾಗಿ ತಿಳಿಸುತ್ತಿದ್ದೇವೆ, ಕ್ಷಮಿಸಿ. ನೀವು ಒಪ್ಪಿದರೆ ಉಳಿದ ಹಣ ಕೊಟ್ಟೂರಿನ ಮಗುವಿಗೆ. ಒಪ್ಪದವರು ಹಿಂದಕ್ಕೆ ಪಡೆಯಬಹುದು.”

ದೇಣಿಗೆ ಎತ್ತುವ ಸಂಘದವರೇ, ಒಬ್ಬರ ನೋವಿನ ಚಿತ್ರ ಬಳಸುವ ಮುನ್ನ ಅವರ ಮನೆಯವರನ್ನು ಕೇಳಿ. ಕೊಟ್ಟವರಿಗೆ ನಿಜ ತಿಳಿಸಿ, ಅದು ಸಾವಿನ ಸುದ್ದಿಯಾದರೂ. ಕೊಡುವವರೇ, ನೀವೂ “ಮುಂದೇನಾಯಿತು?” ಎಂದು ಕೇಳಿ. ಹಾಗೆ ಕೇಳಿದರೆ ಅನುಮಾನಪಟ್ಟಂತಲ್ಲ.

ಹಡಗಲಿಯ ಡಬ್ಬಿಗೆ ಆ ವಾರ ಕಡಿಮೆ ಹಣ ಬಿತ್ತು. ಶುಕ್ರವಾರ ಮಾರೆಮ್ಮ ಮೊದಲ ಕೊಸರನ್ನು ಎಲೆಯಲ್ಲಿ ಕಟ್ಟಿ, ಹುಲಿಗೆಮ್ಮನ ಸಮಾಧಿಗೆಂದು ತಂಬ್ರಹಳ್ಳಿ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟಳು.